ಸದ್ಯಕ್ಕೆ ಬೇಡ

ಐದೂ ಮುಕ್ಕಾಲು ಸೆಂಟಿಮೀಟರು, ಹೃದಯದ ಎಡ ಮೇಲ್ಕೋಣೆ, ಇನ್ನೊಂದು ಸಲ ಅಳೆದರೂ ಅಷ್ಟೇ — ಡಾಕ್ಟರಮ್ಮ ಪರದೆಯ ಮೇಲೆ ಗೆರೆ ಎಳೆದಳು, ಅಳಿಸಿದಳು, ಸ್ವಲ್ಪ ಒಳಗಿಂದ ಎಳೆದರೆ ಐದೂವರೆ ಆದೀತು, ಥೂ, ತನಗೆ ತಾನೇ ಟೋಪಿ ಹಾಕಿಕೊಳ್ಳುವುದೇ, ಸರಿಯಿರುವ ಕೋಣೆಯ ನಾಲ್ಕು ಎಲ್ಲಿ ಇದೆಲ್ಲಿ, ಸ್ಕ್ಯಾನಿನ ತುಣುಕು ಮುಗಿದು ಮತ್ತೆ ಮೊದಲಿಂದ ಓಡುತ್ತದೆ, ಹಿಗ್ಗಿದ ಕೋಣೆ ಬಡಿಯುವುದಿಲ್ಲ, ಬರೀ ಅದುರುತ್ತದೆ, ಪಕ್ಕದಲ್ಲಿ ಕಿರಿಯ ಡಾಕ್ಟರು ಫೈಲು ಹಿಡಿದು ಪಿಸುಗುಡುತ್ತಾನೆ, ಮೇಡಂ, ಇವರಿಗೆ ಅಬ್ಲೇಷನ್ ಮಾಡಿ ಪ್ರಯೋಜನ ಇಲ್ಲ ಅಲ್ವಾ, ನೀವೇ ಪಾಠ ಮಾಡಿದ್ರಲ್ಲ — ಮಾಡಿದ್ದಳು, ತಂತಿ ತೂರಿಸಿ ಒಳಗೋಡೆ ಸುಡುವುದು ಯಾರಿಗೆ, ಎದೆಬಡಿತದ ತಾಳ ಆಗಾಗ ತಪ್ಪಿ ತಾನೇ ಸರಿಹೋಗುವವರಿಗೆ, ಕೋಣೆ ಇನ್ನೂ ಹಿಗ್ಗದವರಿಗೆ, ತಡಮಾಡಬೇಡಿ ಎಂದು ಮೇಜು ಕುಟ್ಟಿ ಹೇಳಿದ್ದಳು, ಮಹಾ ಬುದ್ಧಿವಂತೆ, ಫೈಲಿನ ಮೊದಲ ಹಾಳೆಯಲ್ಲಿ ಆರು ವರ್ಷದ ಹಿಂದಿನ ಅವಳದೇ ಗೀಚು, ತಾಳ ತಿಂಗಳಿಗೊಮ್ಮೆ ತಪ್ಪುತ್ತದೆ, ಕೋಣೆ ಸರಿಯಿದೆ, ಅಬ್ಲೇಷನ್ ಸದ್ಯಕ್ಕೆ ಬೇಡ. ಯಾಕೆ ಬೇಡ? ಅವತ್ತು ಆಪರೇಷನ್ ಪಟ್ಟಿ ತುಂಬಿತ್ತು, ತಲೆನೋವಿತ್ತು, ಈಜುಕೊಳದ ಈ ಮೇಷ್ಟ್ರು ಕಲ್ಲುಗುಂಡಿನ ಹಾಗಿದ್ದರು, ಅವಳ ಮಗಳ ಗದ್ದಕ್ಕೆ ಅಂಗೈ ಕೊಟ್ಟು ನಾನಿದ್ದೀನಿ ಪುಟ್ಟಿ ಕಾಲು ಬಡಿ ಎಂದು ನೀರಿನ ಭಯ ಬಿಡಿಸಿದವರು, ಇವರಿಗೇನಾಗುತ್ತದೆ ಎಂದುಕೊಂಡಳು, ಅಷ್ಟೇ, ಈಗ ಮೂರು ವರ್ಷದಿಂದ ತಾಳ ಮರಳಿಲ್ಲ, ನಾಲ್ಕು ಮೆಟ್ಟಿಲಿಗೆ ಏದುಸಿರು, ಅಂಗಿ ಬಿಚ್ಚಿ ಮಲಗಿ ನಗುತ್ತಾರೆ, ನೀರಿಗಿಳಿದು ವರ್ಷ ಆಯ್ತು ಮೇಡಂ, ಬೇಗ ಸುಟ್ಟು ಕಳಿಸಿ — ಹೂಂ ಅಂದುಬಿಡಲೇ, ಪಟ್ಟಿ ತನ್ನದು, ಕೇಳುವವರು ಯಾರು, ಆದರೆ ಆ ಹೂಂ ಅವರಿಗಲ್ಲ, ತನ್ನ ಒಂದು ಸಾಲು ಅಳಿಸಲು, ಸುಟ್ಟಲ್ಲಿ ತೂತು ಬಿದ್ದರೆ, ಕೈಕಾಲು ಬಿದ್ದುಹೋದರೆ, ಬೇಡ ಅಂದರೋ ಯಾಕೆ ಎನ್ನುತ್ತಾರೆ, ಯಾಕೆ ಎಂದರೆ ಹೇಳಬೇಕು, ಉಗುಳುವಂತಿಲ್ಲ ನುಂಗುವಂತಿಲ್ಲ, ಕಿಟಕಿಯೂ ಇಲ್ಲದ ಈ ಕೋಣೆ, ಪರದೆಯಲ್ಲಿ ಅದುರು, ಮತ್ತೆ ಅದುರು.

ಮೇಷ್ಟ್ರೇ, ಈಗ ಮಾಡಿ ಉಪಯೋಗ ಆಗಲ್ಲ, ತಡ ಆಗಿದೆ — ತನ್ನದೇ ದನಿಯೇ ಇದು, ಅವರು ಎದೆಯ ಜೆಲ್ಲು ಒರೆಸಿಕೊಂಡರು, ಆಮೇಲೆ ಮಗುವನ್ನು ಸಮಾಧಾನ ಮಾಡುವ ಹಾಗೆ, ತಡ ಮಾಡಿದ್ದು ನಾನೇ ಬಿಡಿ, ಮಧ್ಯೆ ಎರಡು ಸಲ ತೋರಿಸೋಕೆ ಬರ್ಲಿಲ್ಲ, ನೀವ್ಯಾಕೆ ಮುಖ ಸಣ್ಣ ಮಾಡ್ಕೊತೀರಿ — ಬಾಗಿಲು ತಾವಾಗಿ ತೆರೆದುಕೊಟ್ಟರು ಪುಣ್ಯಾತ್ಮ, ಹೌದು ಅಂದರೆ ಮುಗಿಯಿತು, ಅಲ್ಲ ಅನ್ನಬೇಕು, ಅಲ್ಲ ಅನ್ನು, ಕಿರಿಯ ಡಾಕ್ಟರ ಹೆಬ್ಬೆರಳು ಫೈಲಿನ ಮೊದಲ ಹಾಳೆಯ ಮೇಲೆ ನಿಂತಿದೆ, ಅವನು ಓದಿದ್ದಾನೆ, ಈಗ ಅವಳನ್ನೇ ನೋಡುತ್ತಿದ್ದಾನೆ, ಅವಳು ಪರದೆಯತ್ತ ತಿರುಗುತ್ತಾಳೆ, ಅಲ್ಲಿ ಕೋಣೆ ಅದುರುತ್ತದೆ, ತುಣುಕು ಮುಗಿಯುತ್ತದೆ, ಮೊದಲಿಂದ ಅದುರುತ್ತದೆ, ಹಿಗ್ಗಿದ ಕೋಣೆ ಮುಚ್ಚುವುದಿಲ್ಲ