ಉಗುರುಚಿತ್ರ

ಆ ಊರಿಗೆ ಹೆಸರಿತ್ತು. ಈ ಕಥೆಗೆ ಅದು ಬೇಕಾಗಿಲ್ಲ. ಊರಿನ ನಡುವೆ ಉದ್ದನೆಯ ಒಂದು ಬೀದಿ. ಆ ಬೀದಿಯಲ್ಲಿ ವಿಡಿಯೊ ಗೇಮ್‌ಗಳನ್ನಲ್ಲದೆ ಬೇರೇನನ್ನೂ ಮಾರುತ್ತಿರಲಿಲ್ಲ. ಎರಡೂ ಕಡೆ ಒಂದೇ ಅಳತೆಯ, ಒಂದೇ ಬಣ್ಣದ ಸಾವಿರಾರು ಬಾಗಿಲು. ಒಂದೊಂದು ಬಾಗಿಲ ಹಿಂದೆ ಒಂದು ಕೋಣೆ, ಕೋಣೆಯಲ್ಲಿ ಒಂದು ತೆರೆ, ತೆರೆಯ ಮೇಲೆ ಯಾರೋ ವರ್ಷಗಟ್ಟಲೆ ಕೂತು ಮಾಡಿದ ಒಂದು ಆಟ. ಬಾಗಿಲು ಮುಚ್ಚಿಯೇ ಇರಬೇಕು, ಕೂಗಿ ಕರೆಯಬಾರದು ಎಂಬುದು ಬೀದಿಯ ಕಟ್ಟಳೆ. ಬಾಗಿಲ ಮೇಲೆ ಅಂಗೈಯಗಲದ ಒಂದು ಚಿತ್ರ ತೂಗುಹಾಕಬಹುದಿತ್ತು, ಅಷ್ಟೇ. ರಸ್ತೆಯ ನಡುವೆ ನಡೆಯುವವರಿಗೆ ಅದು ಹೆಬ್ಬೆರಳ ಉಗುರಿನಷ್ಟೇ ಕಾಣುತ್ತಿತ್ತು. ಹಾಗಾಗಿ ಎಲ್ಲರೂ ಅದನ್ನು ಉಗುರುಚಿತ್ರ ಎನ್ನುತ್ತಿದ್ದರು.

ಒಳಗೆ ಹೋಗಿ ಆಡಿದವರು ಮೆಚ್ಚಿದರೆ ಬಾಗಿಲ ಪಕ್ಕದ ಗೋಡೆಯ ಮೇಲೆ ಸುಣ್ಣದ ಬೊಟ್ಟು ಇಟ್ಟು ಹೋಗುತ್ತಿದ್ದರು, ಮೆಚ್ಚದಿದ್ದರೆ ಇದ್ದಿಲಿನ ಗೆರೆ ಎಳೆದು ಹೋಗುತ್ತಿದ್ದರು. ಮೂರು ತಿಂಗಳಿಗೊಮ್ಮೆ ಬೀದಿಯ ಪಾರುಪತ್ಯಗಾರ ಬಂದು ಗೋಡೆ ನೋಡುತ್ತಿದ್ದ. ಗೋಡೆ ಖಾಲಿಯಿದ್ದರೆ, ಅಥವಾ ಬೊಟ್ಟಿಗಿಂತ ಗೆರೆ ಹೆಚ್ಚಿದ್ದರೆ, ಆ ಆಟವನ್ನು ಹಿಂದಿನ ಓಣಿಗೆ ಸಾಗಿಸುತ್ತಿದ್ದರು. ಅಲ್ಲಿಗೆ ಹೋದ ಆಟಗಳು ಏನಾದವೆಂದು ಕೇಳಿದವರಿಲ್ಲ, ಏಕೆಂದರೆ ಅತ್ತ ಯಾರೂ ನಡೆಯುತ್ತಿರಲಿಲ್ಲ.

ಈ ಬೀದಿಗೆ ಮಾದೇವಿ ಎಂಬವಳು ತನ್ನ ತಮ್ಮ ಸೋಮಯ್ಯನೊಂದಿಗೆ ಬಂದಳು. ಅವಳು ಆರು ವರ್ಷ ಕೂತು ಒಂದು ಹೊಳೆ ದಾಟುವ ಆಟ ಮಾಡಿದ್ದಳು. ಅದರಲ್ಲಿನ ನೀರಿನ ಸದ್ದು, ಹಕ್ಕಿಯ ಸದ್ದು, ಹುಟ್ಟು ಹಾಕುವ ಸದ್ದು ಎಲ್ಲವೂ ಸೋಮಯ್ಯನದು. ಆಟ ಸರಳವಾಗಿತ್ತು. ಆಡುವವರು ಈಚೆ ದಡದಲ್ಲಿ ನಿಂತ ಪಯಣಿಗರು. ದೋಣಿಯವಳು ಅವರತ್ತ ಕೈ ಚಾಚುತ್ತಾಳೆ. ಕೈ ಹಿಡಿದರೆ ಆಚೆ ದಡ ಸೇರಬಹುದು. ಆದರೆ ಹಿಡಿಯುವ ಮೊದಲು ತಮ್ಮದೇನಾದರೂ ಒಂದನ್ನು ಈಚೆಯೇ ಬಿಡಬೇಕು.

ಆರು ವರ್ಷದ ದುಡಿಮೆಯಲ್ಲಿ ಯಾವುದನ್ನು ತೋರಿಸಿ ಯಾವುದನ್ನು ಬಿಡುವುದೆಂದು ತಿಳಿಯದೆ ಮಾದೇವಿ ಎಲ್ಲವನ್ನೂ ಉಗುರುಚಿತ್ರದಲ್ಲಿ ಬರೆದಳು. ದೋಣಿ, ಏಳು ಜನ ಪಯಣಿಗರು, ಎರಡೂ ದಡ, ಹದಿನಾಲ್ಕು ಮರ, ಒಂದು ನೀರುನಾಯಿ. ಮೇಲೆ ಬಳ್ಳಿಯಂತೆ ಸುತ್ತಿಕೊಂಡ ಅಕ್ಷರಗಳಲ್ಲಿ 'ಏಳು ಪಯಣಿಗರು ಮತ್ತು ತಿಳಿನೀರ ಹೊಳೆ' ಎಂದು ಹೆಸರು. ಮೂಗಿನ ಹತ್ತಿರ ಹಿಡಿದು ನೋಡಿದರೆ ಅದು ಬಹಳ ಚೆಂದದ ಚಿತ್ರ.

ಒಂದೂವರೆ ತಿಂಗಳು ಬಾಗಿಲು ತೆರೆಯಲೇ ಇಲ್ಲ. ಒಂದು ದಿನ ಸೋಮಯ್ಯ ರಸ್ತೆಯ ಆಚೆ ಬದಿಗೆ ಹೋಗಿ ನಿಂತು ನೋಡಿ ಬಂದ.

"ಅಕ್ಕ, ಬೇಜಾರು ಮಾಡ್ಕೋಬೇಡ. ಅಲ್ಲಿಂದ ಯಾರೋ ಬಾಗಿಲಿಗೆ ಕೆಸರು ಎರಚಿದ ಹಾಗೆ ಕಾಣುತ್ತೆ."

ಮಾದೇವಿ ಎರಡು ದಿನ ಅವನೊಡನೆ ಮಾತಾಡಲಿಲ್ಲ. ಮೂರನೆಯ ದಿನ ತಾನೇ ಹೋಗಿ ನಿಂತು ನೋಡಿದಳು. ಕೆಸರೇ.

ಆ ಬೀದಿಯಲ್ಲಿ ಕಣ್ಸೆಳೆಯುವವರ ಸಂಘ ಎಂದು ಒಂದಿತ್ತು. ಹೆಚ್ಚಿನ ಬಾಗಿಲುಗಳ ಚಿತ್ರ ಅವರದೇ ಕೈಕೆಲಸ. ಸಂಘದ ಯಜಮಾನ ಮಾದೇವಿಯ ಆಟವನ್ನು ನೋಡುವ ಗೋಜಿಗೆ ಹೋಗಲಿಲ್ಲ.

"ಕತ್ತಿ ಹಿಡಿದವನು ಬಾಯಿ ತೆರೆದು ಕಿರುಚಬೇಕು. ಹಿಂದೆ ಬೆಂಕಿ ಇರಬೇಕು," ಎಂದ.

"ನಮ್ಮ ಆಟದಲ್ಲಿ ಕತ್ತಿಯೇ ಇಲ್ಲವಲ್ಲ, ಯಜಮಾನರೇ."

"ಆಟ ಒಳಗಿರೋದು, ತಾಯಿ. ನಾನು ಮಾತಾಡ್ತಿರೋದು ಹೊರಗಿಂದು. ಬೀದಿ ಪೂರ್ತಿ ನೋಡಿಕೊಂಡು ಬನ್ನಿ, ಕತ್ತಿ ಇಲ್ಲದ ಬಾಗಿಲು ಎಷ್ಟಿದೆ ಹೇಳಿ."

ಮಾದೇವಿ ನೋಡಿಕೊಂಡು ಬಂದಳು. ಹೆಚ್ಚೇನೂ ಇರಲಿಲ್ಲ. ಒಪ್ಪಿಕೊಂಡಳು.

ಕತ್ತಿಯವನ ಚಿತ್ರ ತೂಗುಹಾಕಿದ ದಿನವೇ ಬಾಗಿಲು ತೆರೆಯಿತು. ಅಕ್ಕತಮ್ಮಂದಿರು ಒಳಗಿನ ಪರದೆಯ ಹಿಂದೆ ನಿಂತು ಕಾದರು. ಬಂದವರು ದಡದಲ್ಲಿ ನಿಂತರು, ಕತ್ತಿ ಹುಡುಕಿದರು, ದೋಣಿಯವಳ ಚಾಚಿದ ಕೈಯನ್ನು ಹೊಡೆಯಬಹುದೇ ಎಂದು ಗುಂಡಿ ಒತ್ತಿ ನೋಡಿದರು. ಆಮೇಲೆ ಸಿಟ್ಟಿನಿಂದ ಎದ್ದು ಹೋದರು. ಹೋಗುವಾಗ ಒಬ್ಬೊಬ್ಬರೂ ಒಂದೊಂದು ಇದ್ದಿಲ ಗೆರೆ ಎಳೆದರು. ಎರಡೇ ವಾರದಲ್ಲಿ ಗೋಡೆ ಒಲೆಯ ಹಿಂದಿನ ಗೋಡೆಯಂತಾಯಿತು. ಪಾರುಪತ್ಯಗಾರ ಬರಲು ಮೂರು ವಾರ ಉಳಿದಿತ್ತು. ಹಿಂದಿನ ಓಣಿಯ ಗಾಡಿಯವರು ಒಮ್ಮೆ ಬಂದು ಬಾಗಿಲಿನ ಅಗಲ ಅಳೆದುಕೊಂಡೂ ಹೋದರು.

ಒಂದು ಮಧ್ಯಾಹ್ನ ತುಂಗಜ್ಜಿ ಎಂಬ ಮುದುಕಿ ಒಳಗೆ ಬಂದಳು. ಸುಮ್ಮನೆ ಕೂರಲು ನಾಚಿಕೆಯಾಗಿ ಆಡತೊಡಗಿದಳು. ದೋಣಿಯವಳು ಕೈ ಚಾಚಿದಾಗ ತುಂಗಜ್ಜಿಯ ಬೆರಳು ಗುಂಡಿಯ ಮೇಲೆಯೇ ನಿಂತುಬಿಟ್ಟಿತು. ಬಹಳ ಹೊತ್ತು ಹಾಗೇ ಕೂತಿದ್ದು ಕೊನೆಗೆ ಒತ್ತಿದಳು. ಆಚೆ ದಡ ಸೇರಿದ ಮೇಲೆ ಸೆರಗಿನಿಂದ ಮುಖ ಒರೆಸಿಕೊಂಡಳು.

"ಯಾರಮ್ಮ ಇದನ್ನ ಮಾಡಿದ್ದು?" ಎಂದು ಕೇಳಿದಳು. ಮಾದೇವಿ ಪರದೆಯ ಹಿಂದಿನಿಂದ ಬಂದಳು.

"ಹೊರಗೆ ಆ ಕತ್ತಿಯವನನ್ನ ಯಾಕೆ ಕೂರಿಸಿದ್ದೀಯ?"

"ಕತ್ತಿ ಇಲ್ಲದಿದ್ದರೆ ಯಾರೂ ಬರೋದಿಲ್ಲ ಅಂದರು, ಅಜ್ಜಿ. ನೀವೂ ಬಂದಿರಲ್ಲ."

"ನಾನು ಬಿಸಿಲು ತಡೀಲಾರದೆ ಬಂದೆ ಕಣಮ್ಮ. ಆ ಕಿರುಚಾಟ ನೋಡಿ ವಾಪಸ್ ಹೋಗೋಣ ಅಂತಲೇ ಇದ್ದೆ."

"ಆಟದಲ್ಲಿ ನಿಮಗೆ ಏನು ಹಿಡಿಸ್ತು?"

"ಆ ಕೈ. ಬೇರೆಲ್ಲ ಮನೆಗೆ ಹೋಗೋ ಹೊತ್ತಿಗೆ ಮರೀತೀನಿ. ಆ ಕೈ ಮಾತ್ರ ಮರೆಯಲ್ಲ. ಹಿಡಿಯೋದೋ ಬೇಡವೋ ಅಂತ ಜೀವ ಹೊಯ್ದಾಡಿಹೋಯ್ತು."

ಅಜ್ಜಿ ಸುಣ್ಣದ ಬೊಟ್ಟಿಟ್ಟು ಹೋದಳು. ಆ ಕಪ್ಪು ಗೋಡೆಯ ಮೇಲೆ ಅದೊಂದೇ ಬಿಳುಪು.

ಮಾದೇವಿ ಅಂದೇ ಕತ್ತಿಯವನನ್ನು ಇಳಿಸಿ ಕೈ ಬರೆಯಲು ಕೂತಳು. ಮೊದಲ ಕೈಗೆ ಬಳೆ, ಉಂಗುರ, ಹಸ್ತರೇಖೆ ಎಲ್ಲ ಹಾಕಿದಳು. ಸೋಮಯ್ಯ ರಸ್ತೆಯಾಚೆಯಿಂದ, "ಸೌತೆಕಾಯಿ!" ಎಂದು ಕೂಗಿದ. ಬಳೆ ಅಳಿಸಿದಳು. "ಈಗ ಸಿಪ್ಪೆ ತೆಗೆದ ಸೌತೆಕಾಯಿ!" ಈ ಸಲ ಮಾದೇವಿ ಸಿಟ್ಟಾಗಲಿಲ್ಲ, ನಕ್ಕಳು. ರೇಖೆ ಹೋದವು, ಉಂಗುರ ಹೋಯಿತು. ಮರ, ದಡ, ನೀರುನಾಯಿ ಮೊದಲೇ ಹೋಗಿದ್ದವು. ಒಂದೊಂದನ್ನು ಅಳಿಸುವಾಗಲೂ ಅವಳಿಗೆ ಆ ಒಂದೊಂದರ ಹಿಂದಿನ ತಿಂಗಳುಗಳು ನೆನಪಾಗುತ್ತಿದ್ದವು. ಬೀದಿಯ ಚಿತ್ರಗಳೆಲ್ಲ ಕೆಂಪು, ಕಪ್ಪು ಆಗಿದ್ದರಿಂದ ಹಿನ್ನೆಲೆಗೆ ಬೆಳಗಿನ ನೀರಿನ ತಿಳಿ ಬಣ್ಣ ಬಳಿದಳು. ಅದರ ಮೇಲೆ ನೋಡುವವರ ಕಡೆಗೇ ಚಾಚಿದ ಒಂದು ಕಂದು ಕೈ. ಕೆಳಗೆ ದೋಣಿಯ ಅಂಚಿನ ಒಂದು ಗೆರೆ. ಆ ಉದ್ದದ ಹೆಸರನ್ನೂ ಕಿತ್ತುಹಾಕಿ ಎರಡು ದಪ್ಪ ಅಕ್ಷರ ಉಳಿಸಿದಳು: ದಡ.

ಸೋಮಯ್ಯ ಆಚೆ ಬದಿಯಲ್ಲಿ ನಿಂತು ಕಣ್ಣು ಕಿರಿದು ಮಾಡಿ ನೋಡಿದ. ಏನೂ ಕೂಗದೆ ರಸ್ತೆ ದಾಟಿ ಬಂದ.

"ಏನೋ? ಮತ್ತೆ ಸೌತೆಕಾಯಾ?"

"ಇಲ್ಲಕ್ಕ. ಕರೀತಿದೆ," ಎಂದ.

ಮರುದಿನ ಬೆಳಿಗ್ಗೆ ತರಕಾರಿ ಚೀಲ ಹಿಡಿದು ಸರಸರನೆ ನಡೆಯುತ್ತಿದ್ದ ಒಬ್ಬ ಹೆಂಗಸು ಆ ಬಾಗಿಲ ಮುಂದೆ ನಿಂತಳು. ತನಗೇ ತಿಳಿಯದೆ ಚೀಲವನ್ನು ಎಡಗೈಗೆ ಬದಲಿಸಿ ಬಲಗೈಯನ್ನು ಚಿತ್ರದತ್ತ ಚಾಚಿದಳು. ಬಾಗಿಲು ತೆರೆಯಿತು. ಅವಳ ಹಿಂದೆ ಇನ್ನಿಬ್ಬರು ಬಂದರು. ಬಂದವರಿಗೆ ಹೊರಗೆ ಕಂಡದ್ದೇ ಒಳಗೂ ಸಿಕ್ಕಿತು. ಸುಣ್ಣದ ಬೊಟ್ಟುಗಳು ಇದ್ದಿಲ ಗೆರೆಗಳ ಸಂದುಗಳಲ್ಲಿ, ಆಮೇಲೆ ಅವುಗಳ ಮೇಲೆಯೇ ಕೂರತೊಡಗಿದವು.

ಪಾರುಪತ್ಯಗಾರ ಬಂದ ದಿನ ಗೋಡೆ ಹೊಸದಾಗಿ ಸುಣ್ಣ ಬಳಿದಂತಿತ್ತು. ಅವನು ಗಾಡಿಯವರನ್ನು ಕೈಸನ್ನೆಯಲ್ಲೇ ಮುಂದಕ್ಕೆ ಕಳಿಸಿದ. ಗಾಡಿ ತಿರುವಿನಲ್ಲಿ ಮರೆಯಾದ ಮೇಲೆ ಮಾದೇವಿ ಮೆಟ್ಟಿಲ ಮೇಲೆ ಕೂತಳು. ಎಷ್ಟೋ ತಿಂಗಳಿಂದ ತನ್ನ ಭುಜಗಳು ಕಿವಿಯವರೆಗೆ ಏರಿ ನಿಂತಿದ್ದವೆಂದು ಅವು ಇಳಿದಾಗಲೇ ಅವಳಿಗೆ ಗೊತ್ತಾಯಿತು. ಸೋಮಯ್ಯ ಮಜ್ಜಿಗೆ ತಂದುಕೊಟ್ಟ. ಇಬ್ಬರೂ ಅಲ್ಲೇ ಕೂತು ಕುಡಿದರು.

ಕಥೆ ಇಲ್ಲಿಗೇ ಮುಗಿಯಬಹುದಿತ್ತು. ಆದರೆ ಬೀದಿ ಸುಮ್ಮನಿರಲಿಲ್ಲ. ಹದಿನೈದು ದಿನದಲ್ಲಿ ನಾಲ್ಕು ಬಾಗಿಲಿನ ಮೇಲೆ ಕೈಗಳು ಕಾಣಿಸಿದವು. ತಿಂಗಳೊಳಗೆ ಬೀದಿಯ ತುಂಬ ಕೈ. ಯುದ್ಧದ ಆಟಕ್ಕೂ ಕೈ, ಕಾರು ಓಡಿಸುವ ಆಟಕ್ಕೂ ಕೈ, ಚೆಂಡನ್ನು ಕಾಲಿನಿಂದ ಒದೆಯುವ ಆಟಕ್ಕೂ ಕೈ. ಸಂಘದವರು ಆರು ಬೆರಳಿನ ಕೈಯನ್ನೂ ಬರೆದು ಮಾರಿದರು. ಬೀದಿಯಲ್ಲಿ ನಡೆಯುವವರಿಗೆ ಎಲ್ಲ ಕಡೆಯಿಂದ ಯಾರೋ ಭಿಕ್ಷೆ ಬೇಡುತ್ತಿರುವಂತೆ ಕಂಡು, ಅವರು ಚಿತ್ರಗಳನ್ನು ನೋಡುವುದನ್ನೇ ಬಿಟ್ಟರು. ಯಾವ ಕೋಣೆ ಚೆನ್ನಾಗಿದೆ ಎಂದು ಒಬ್ಬರನ್ನೊಬ್ಬರು ಕೇಳಿಕೊಂಡು ಹೋಗತೊಡಗಿದರು. ಮಾದೇವಿಯ ಕೋಣೆ ತುಂಬಿಯೇ ಇತ್ತು.

ಆ ನಡುವೆ ಯಾವಾಗಲೋ ಜೋರು ಗಾಳಿ ಬೀಸಿ ಅವಳ ಉಗುರುಚಿತ್ರ ಹಾರಿಹೋಯಿತು. ಬರುವವರು ಗಮನಿಸಲಿಲ್ಲ. ಹೊಸ ಆಟದ ಕೆಲಸದಲ್ಲಿ ಮುಳುಗಿದ್ದ ಮಾದೇವಿಯೂ ಗಮನಿಸಲಿಲ್ಲ. ಒಂದು ದಿನ ಸೋಮಯ್ಯ ಹೇಳಿದಾಗ ಹೊರಗೆ ಬಂದು ಬರಿಯ ಮೊಳೆಯನ್ನು ನೋಡಿ, "ಹೋಗ್ಲಿ ಬಿಡು," ಎಂದು ಹಗುರಾಗಿ ನಕ್ಕು ಒಳಗೆ ಹೋದಳು.

ಅದರ ಮರುವಾರ ಸಂಘದ ಯಜಮಾನ ಅವಳನ್ನು ಹುಡುಕಿಕೊಂಡು ಬಂದ. ಜೊತೆಯಲ್ಲಿ ಇಬ್ಬರು ಚಿತ್ರಗಾರರಿದ್ದರು. ಮೂವರೂ ಬಾಗಿಲ ಮುಂದೆ ಬಹಳ ಹೊತ್ತು ನಿಂತು, ಹತ್ತಿರದಿಂದ ನೋಡಿ, ರಸ್ತೆಯಾಚೆಯಿಂದ ನೋಡಿ, ಅಳತೆ ಬರೆದುಕೊಂಡರು. ಕೊನೆಗೆ ಯಜಮಾನ ಚಪ್ಪಲಿ ಬಿಟ್ಟು ಒಳಗೆ ಬಂದು ವಿನಯದಿಂದ ಕೈ ಮುಗಿದ.

"ತಾಯಿ, ತಪ್ಪು ತಿಳೀಬೇಡಿ. ಏನೂ ಇಲ್ಲದ ಹಾಗೆ ಕಾಣೋದಕ್ಕೆ ಯಾವ ಬಣ್ಣ ಹಚ್ಚಿದ್ದೀರಿ?"