ಅಳಿಸದ ಐವತ್ತು ಮತಗಳು

ಭಾವನಾ ಬಳ್ಳಾರಿಯ ಹೈಸ್ಕೂಲೊಂದರಲ್ಲಿ ಗಣಿತದ ಮೇಡಂ. ಹನ್ನೊಂದು ವರ್ಷದ ನೌಕರಿಯಲ್ಲಿ ಎರಡು ಸಲ ಚುನಾವಣೆ ಕೆಲಸಕ್ಕೆ ಹೋಗಿದ್ದಳು. ಎರಡು ಸಲವೂ ಬೆರಳಿಗೆ ಶಾಯಿ ಹಚ್ಚುವ ಕೆಲಸ. ಈ ವಿಧಾನಸಭೆ ಚುನಾವಣೆಗೆ ಮತಗಟ್ಟೆಯ ಮುಖ್ಯಾಧಿಕಾರಿ ಎಂದು ಆದೇಶ ಬಂತು.

ತರಬೇತಿ ಒಂದು ಕಲ್ಯಾಣಮಂಟಪದಲ್ಲಿ ನಡೆಯಿತು. ಇನ್ನೂರು ಜನಕ್ಕೆ ಎರಡು ಮತಯಂತ್ರ. ಮುಂದಿನ ಸಾಲಿನವರು ಎದ್ದು ಮುತ್ತಿಕೊಂಡಿದ್ದರಿಂದ ಭಾವನಾಗೆ ಅವರ ಬೆನ್ನು ಬಿಟ್ಟು ಏನೂ ಕಾಣಲಿಲ್ಲ. ಮತದಾನಕ್ಕೆ ಮುಂಚೆ ಪಕ್ಷಗಳ ಏಜೆಂಟರ ಎದುರು ಐವತ್ತು ಅಣಕು ಮತ ಹಾಕಬೇಕು, ಎಣಿಸಿ ತೋರಿಸಬೇಕು, ಆಮೇಲೆ ಯಂತ್ರದಿಂದ ಅವನ್ನು ಅಳಿಸಬೇಕು ಎಂದು ಮೈಕಿನಲ್ಲಿ ಹೇಳಿದರು.

"ಸರ್, ನಾನೊಮ್ಮೆ ಮಾಡಿ ನೋಡ್ಲೇನ್ರಿ?" ಎಂದು ಅವಳು ಕೇಳಿದಳು.

"ಎಲ್ಲಾ ಪುಸ್ತಕದಾಗ ಐತ್ರಿ ಮೇಡಂ. ಊಟಕ್ಕ ಏಳ್ರಿ. ಫಾರ್ಮೆಲ್ಲ ಹಿಂದಿನ ದಿನಾನ ತುಂಬಿಟ್ಕೊಳ್ರಿ, ಟೈಮ್ ಉಳೀತೈತಿ," ಎಂದರು ತರಬೇತಿ ಕೊಡುವವರು.

ಅವಳಿಗೆ ಸಿಕ್ಕಿದ್ದು ಸಿರುಗುಪ್ಪ ತಾಲ್ಲೂಕಿನ ಭತ್ತದ ಸೀಮೆಯ ಒಂದು ಊರು. ಜೊತೆಗೆ ಕುರುಗೋಡಿನ ಗುಮಾಸ್ತ ಪ್ರಭುಲಿಂಗ, ಇನ್ನಿಬ್ಬರು. ಹಿಂದಿನ ದಿನ ಸಂಜೆ ಶಾಲೆಯ ಬೆಂಚಿನ ಮೇಲೆ ಕೂತು, ಹೇಳಿದಂತೆಯೇ ಫಾರ್ಮುಗಳನ್ನು ತುಂಬಿದಳು. 'ಅಣಕು ಮತಗಳನ್ನು ಅಳಿಸಲಾಗಿದೆ' ಎಂಬ ಅಚ್ಚಾದ ಸಾಲಿನ ಕೆಳಗೂ ಸಹಿ ಹಾಕಿದಳು.

ಬೆಳಿಗ್ಗೆ ಅಣಕು ಮತದಾನಕ್ಕೆ ಒಬ್ಬ ಏಜೆಂಟ ತಡವಾಗಿ ಬಂದ. ತನ್ನ ಗುರುತಿನ ಗುಂಡಿಯನ್ನು ಮತ್ತೆ ಒತ್ತಿ ತೋರಿಸಬೇಕೆಂದು ಜಗಳ ತೆಗೆದ. ಅವನನ್ನು ಸಮಾಧಾನ ಮಾಡಿ, ಮತ ಯಾರಿಗೆ ಬಿತ್ತೆಂದು ಯಂತ್ರ ಅಚ್ಚು ಹಾಕಿ ಪೆಟ್ಟಿಗೆಯೊಳಗೆ ಬೀಳಿಸಿದ್ದ ಚೀಟಿಗಳನ್ನು ತೆಗೆದು ಕಪ್ಪು ಲಕೋಟೆಗೆ ಹಾಕಿ ಸೀಲು ಮಾಡುವಷ್ಟರಲ್ಲಿ ಮತದಾನ ಶುರುವಾಗುವ ಏಳು ಗಂಟೆಗೆ ಐದೇ ನಿಮಿಷ ಉಳಿದಿತ್ತು. ಹೊರಗೆ ಸಾಲು ಗದ್ದಲ ಎಬ್ಬಿಸಿತ್ತು. ಯಂತ್ರಕ್ಕೂ ಸೀಲು ಬಿತ್ತು. ಅಣಕು ಮತ ಅಳಿಸುವ ಕ್ಲಿಯರ್ ಗುಂಡಿಯನ್ನು ಯಾರೂ ಒತ್ತಿರಲಿಲ್ಲ.

ಒಂಬತ್ತಕ್ಕೆ ಲೆಕ್ಕ ತಾಳೆ ನೋಡಿದಾಗ ಮತ ಹಾಕಿದವರ ರಿಜಿಸ್ಟರಿನಲ್ಲಿ ನೂರಾ ಹದಿನೆಂಟು ಇತ್ತು, ಯಂತ್ರದಲ್ಲಿ ನೂರಾ ಅರವತ್ತೆಂಟು. ಬೆಳಗಿನ ಐವತ್ತು ಅಣಕು ಮತಗಳು ಯಂತ್ರದಲ್ಲೇ ಉಳಿದಿವೆ ಎಂದು ಭಾವನಾಗೆ ತಿಳಿಯಿತು.

ಪ್ರಭುಲಿಂಗ ಹತ್ತಿರ ಬಂದು ದನಿ ತಗ್ಗಿಸಿದ. "ಮೇಡಂ, ಊರಾಗ ಇಲ್ಲದವರ ಹೆಸರು ಐವತ್ತು ರಿಜಿಸ್ಟರಿಗೆ ಏರಿಸಿಬಿಡೋಣ್ರಿ. ಯಾರಿಗೂ ಗೊತ್ತಾಗಂಗಿಲ್ಲ."

"ಬ್ಯಾಡ್ರಿ. ಒಂದು ತಪ್ಪಾಗೇದ. ಅದರ ಮ್ಯಾಲೆ ಮೋಸ ಬ್ಯಾಡ," ಎಂದು ಅವಳು ಸೆಕ್ಟರ್ ಅಧಿಕಾರಿಗೆ ಫೋನ್ ಮಾಡಿದಳು.

ಅಧಿಕಾರಿ ಉಮಾಪತಿ ಜೀಪಿನಲ್ಲಿ ಬಂದರು. ಬೈಯಲಿಲ್ಲ, ಹಣೆ ಉಜ್ಜಿಕೊಂಡರು. "ಈಗ ಅಳಿಸಿದ್ರ ಖರೇ ವೋಟೂ ಹೋಗ್ತಾವ. ಹಂಗ ನಡೀಲಿ. ಡೈರಿಯಾಗ ಬರದು ಏಜೆಂಟರ ಸಹಿ ತಗೊಳ್ರಿ."

"ಇವನ್ನ ಎಣಸ್ತಾರೇನ್ರಿ ಸರ್?"

"ಗೆದ್ದವರ ಅಂತರ ಈ ಬೂತಿನ ವೋಟಿಗಿಂತ ಕಡಿಮಿ ಬಂದ್ರ ಎಣಸ್ತಾರ. ಇಲ್ಲಾಂದ್ರ ಯಂತ್ರ ಬದಿಗಿಡ್ತಾರ. ಹೊರಗಿನ ಮಂದಿಗೆ ಹೇಳಬ್ಯಾಡ್ರಿ, ದೊಂಬಿ ಆದೀತು."

ತಮ್ಮ ಕಡೆಯವರು ಬರುವುದು ನಿಂತೀತೆಂದು ಏಜೆಂಟರೂ ಬಾಯಿ ಬಿಡಲಿಲ್ಲ. ಜನ ಬರುತ್ತಲೇ ಇದ್ದರು. ಮದುಮಗಳೊಬ್ಬಳು ಮೆಹಂದಿಯ ಕೈಯಲ್ಲೇ ಬಂದು ಹೋದಳು. ಪ್ರತಿ ಸಲ ಯಂತ್ರ ಕುಯ್ಯೆಂದಾಗಲೂ ಭಾವನಾ ತಲೆ ತಗ್ಗಿಸುತ್ತಿದ್ದಳು.

ಮಧ್ಯಾಹ್ನದ ಬಿಸಿಲಲ್ಲಿ ಗಿಡ್ಡಮ್ಮ ಎಂಬ ಮುದುಕಿ ಬಂದಳು. ಭತ್ತ ನಾಟಿ ಹಚ್ಚಿ ಹಚ್ಚಿ ನಡು ಬಾಗಿತ್ತು. ಗುಂಡಿ ಒತ್ತಿ ಹೊರಬಂದವಳು ಭಾವನಾಳ ಮೇಜಿನ ಮುಂದೆ ನಿಂತಳು.

"ನಂದು ಬಿತ್ತೇನವ್ವಾ? ನಮ್ಮ ಓಣಿಗಿ ನೀರಿನ ಪೈಪ್ ಬರಲೆಂತ ಹಾಕೀನಿ."

"ಬಿತ್ತಮ್ಮ," ಎಂದಳು ಭಾವನಾ.

ಮುದುಕಿ ಕೈಮುಗಿದು ಹೋದಳು.

ಅಣಕು ಮತ ಬಿಟ್ಟು ಒಟ್ಟು ಏಳುನೂರ ನಲವತ್ತೆರಡು ಮತ ಬಿದ್ದವು. ಎಣಿಕೆಯ ದಿನ ಗೆಲುವಿನ ಅಂತರ ನಾಲ್ಕು ಸಾವಿರ ದಾಟಿತು. ಆ ಯಂತ್ರವನ್ನು ಯಾರೂ ತೆರೆಯಲಿಲ್ಲ. ಮರುವಾರ ಭಾವನಾಗೆ ಅಮಾನತಿನ ಆದೇಶ ಬಂತು. ಅದರ ಜೊತೆ ಕಾರಣ ಕೇಳಿ ಬಂದ ನೋಟಿಸಿಗೆ ಉತ್ತರವಾಗಿ ತರಬೇತಿಯಲ್ಲಿ ಯಂತ್ರ ಮುಟ್ಟಲು ಸಿಗಲಿಲ್ಲ ಎಂದು ಒಂದು ಸಾಲು ಬರೆದಳು. ಸಹಿ ಮುಂಚೆಯೇ ಹಾಕಿದ್ದು ತನ್ನದೇ ತಪ್ಪು ಎಂದು ಅದರ ಕೆಳಗೆ ಬರೆದಳು. ಮೊದಲನೆಯ ಸಾಲಿನ ಬಗ್ಗೆ ಯಾರೂ ಏನೂ ಕೇಳಲಿಲ್ಲ.

ಹದಿನೈದು ದಿನ ಮನೆಯಲ್ಲಿ ಕೂತವಳು ಒಂದು ಬೆಳಿಗ್ಗೆ ಸಿರುಗುಪ್ಪದ ಬಸ್ಸು ಹತ್ತಿ ಆ ಊರಿಗೆ ಹೋದಳು. ಗಿಡ್ಡಮ್ಮ ಕಟ್ಟೆಯ ಮೇಲೆ ಅಕ್ಕಿ ಹಸನು ಮಾಡುತ್ತಿದ್ದಳು. ಭಾವನಾ ಎಲ್ಲವನ್ನೂ ಹೇಳಿದಳು.

ಮುದುಕಿಗೆ ಅರ್ಥವಾಗಲು ಹೊತ್ತು ಹಿಡಿಯಿತು. "ನಮ್ಮೂರಿಂದು ಒಂದೂ ಎಣಸಲಿಲ್ಲ?"

"ಇಲ್ಲಮ್ಮ."

"ನೀ ಅವತ್ತ ಹೇಳಬೇಕಿತ್ತವ್ವಾ. ಬಿಸಲಾಗ ನಿಂದರತಿದ್ದಿಲ್ಲ ನಾನು."

ಅಷ್ಟು ಹೇಳಿ ಮೊರವನ್ನು ಎತ್ತಿಕೊಂಡು ಒಳಗೆ ಹೋದಳು. ಭಾವನಾ ಸ್ವಲ್ಪ ಹೊತ್ತು ಕಾದಳು. ಮುದುಕಿ ಮತ್ತೆ ಹೊರಗೆ ಬರಲಿಲ್ಲ.

ನಾಲ್ಕು ತಿಂಗಳ ನಂತರ ಅಮಾನತು ರದ್ದಾಗಿ ಕುರುಗೋಡಿನ ಶಾಲೆಗೆ ವರ್ಗವಾಯಿತು. ತಪ್ಪೇನೂ ಇಲ್ಲವೆಂದು ಬಿಟ್ಟರಲ್ಲ ಎಂದು ಅಲ್ಲಿನ ಶಿಕ್ಷಕರು ಅಭಿನಂದಿಸಿದರು. ಅವಳು ಹಾಜರಿ ಪುಸ್ತಕ ತೆಗೆದುಕೊಂಡು ತರಗತಿಗೆ ನಡೆದಳು.