ಅಲಗಿನ ಓರೆ

"ಊಹೂಂ," ಎನ್ನುತ್ತ ಸಲೂನಿನವನು ಕತ್ತಿಯನ್ನು ಕೆನ್ನೆಯಿಂದ ಎತ್ತಿ ಬೆಳಕಿಗೆ ಹಿಡಿದ. ಅಲಗಿನ ಮೇಲೆ ನೊರೆ ಬಂದಿತ್ತು, ಒಂದೇ ಒಂದು ಕೂದಲೂ ಬಂದಿರಲಿಲ್ಲ. "ಇದು ಕೊಯ್ಯಲ್ಲಮ್ಮ, ಬರೀ ಎಳೆಯತ್ತೆ. ಜೀವ ಇದ್ದಿದ್ರೆ ನಿಮ್ಮಪ್ಪ ಎದ್ದು ನನಗೇ ಎರಡು ಬಾರಿಸ್ತಿದ್ರು."

ಮಂಚದ ತಲೆದೆಸೆಯಲ್ಲಿ ಬಿಸಿನೀರಿನ ಬೋಗುಣಿ ಹಿಡಿದು ನಿಂತಿದ್ದ ಮಗಳು ಅಪ್ಪನ ಮುಖ ನೋಡಿದಳು. ಇಪ್ಪತ್ತಾರು ದಿನ ಆಸ್ಪತ್ರೆಯಲ್ಲಿ ಬೆಳೆದ ಗಡ್ಡದಲ್ಲಿ ಅವನು ಬೇರೆ ಯಾರೋ ಆಗಿಬಿಟ್ಟಿದ್ದ.

"ಇನ್ನೊಂದು ಸಲ ಮಸೀರಿ."

"ನಾಲ್ಕು ಸಲ ಮಸೆದಾಯ್ತು. ಕತ್ತಿಯ ಬೆನ್ನೂ ಬಾಯಿಯೂ ಒಟ್ಟಿಗೆ ಕಲ್ಲಿನ ಮೇಲೆ ಮಲಗಬೇಕು. ನಮ್ಮ ತಾತ ಹಾಗೇ ಮಾಡ್ತಿದ್ದ, ನಾನೂ ಹಾಗೇ ಮಾಡಿದೀನಿ. ತಪ್ಪಿದ್ರೆ ಕೈ ಕತ್ತರಿಸಿ ಕೊಡ್ತೀನಿ, ಅದೂ ಈ ಕತ್ತೀಲಿ ಆಗಲ್ಲ ಬಿಡಿ. ಚೀಲದಲ್ಲಿ ಅಂಗಡಿ ಬ್ಲೇಡಿದೆ. ಎರಡು ನಿಮಿಷದ ಕೆಲಸ."

ಬಾಗಿಲಲ್ಲಿ ಚಿಕ್ಕಪ್ಪ ತಲೆ ಹಾಕಿದ. "ಮೂರಕ್ಕೆ ಗಾಡಿ ಬರತ್ತೆ. ಈಗ ಎರಡೂಕಾಲು. ಯಾವ ಬ್ಲೇಡಾದ್ರೇನು ಮಗಳೇ? ಅಣ್ಣ ಏನು ಕನ್ನಡಿ ನೋಡ್ಕೋತಾನಾ?"

"ಅಪ್ಪ ಕೇಳಿದ್ದು ಇದನ್ನೇ, ಚಿಕ್ಕಪ್ಪ."

"ಕೇಳೋದಕ್ಕೇನು, ಅವನು ಜೀವಮಾನವೆಲ್ಲ ಆಗದ್ದನ್ನೇ ಕೇಳಿದ."

ಅದೇನೂ ಸುಳ್ಳಲ್ಲ. ಬಸ್ಸುಗಳ ವರ್ಕ್‌ಶಾಪಿನಲ್ಲಿ ಮೂವತ್ತೊಂದು ವರ್ಷ ಫಿಟ್ಟರಾಗಿದ್ದ ಅಪ್ಪನಿಗೆ ಅಲ್ಲಿನವರು ಇಟ್ಟ ಅಡ್ಡಹೆಸರು 'ಕೂದಲೆಳೆ'. ಯಾರು ಏನು ಮಾಡಿ ತಂದರೂ ಕಣ್ಣು ಕಿರಿದು ಮಾಡಿ, "ಒಂದು ಕೂದಲೆಳೆ ಜಾಸ್ತಿಯಾಯ್ತು" ಎನ್ನುತ್ತಿದ್ದ. ಹಲ್ಲು ಸವೆದು ಗುಜರಿಗೆ ಹೋಗಬೇಕಿದ್ದ, ಕಬ್ಬಿಣ ಉಜ್ಜುವ ಒಂದು ಅರವನ್ನು ಮನೆಗೆ ತಂದು, ಹಿಂದಿನ ಮೆಟ್ಟಿಲ ಮೇಲೆ ಕೂತು, ಉಜ್ಜಿ ಉಜ್ಜಿ ಈ ಕತ್ತಿ ಮಾಡಿಕೊಂಡಿದ್ದ. ಯಾಕೆಂದು ಕೇಳಿದರೆ, "ಉಕ್ಕು ಚೆನ್ನಾಗಿತ್ತು, ಎಸೆಯೋಕೆ ಮನಸ್ಸಾಗ್ಲಿಲ್ಲ" ಎನ್ನುವುದಷ್ಟೇ ಉತ್ತರ.

*

ಆಸ್ಪತ್ರೆ ಸೇರಿದ ಮೂರನೇ ದಿನ ಕತ್ತಿ ತರಲು ಹೇಳಿದ್ದ. ಅವಳು ಅದನ್ನು ತರುವ ಮೊದಲು ತೊಳೆದಳು. ಹಲ್ಲುಸೆಟ್ಟು ಮಾಡುವ ಲ್ಯಾಬಿನಲ್ಲಿ ಕೆಲಸ ಮಾಡುವವಳಿಗೆ ಕೊಳೆ ಕಂಡರಾಗದು. ಕತ್ತಿಯ ಬೆನ್ನಿಗೆ ಕಪ್ಪಗೆ, ಅಂಟಂಟಾಗಿ ಏನೋ ಮೆತ್ತಿಕೊಂಡಿತ್ತು. ಉಗುರಿನಿಂದ ಕೆರೆದಳು, ಸ್ಪಿರಿಟ್ಟಿನಲ್ಲಿ ಒರೆಸಿದಳು, ಲ್ಯಾಬಿನ ಪಾಲಿಶ್ ಹಚ್ಚಿ ಉಜ್ಜಿದಳು. ಕನ್ನಡಿಯಂತಾಯಿತು.

ಅಪ್ಪ ಅದನ್ನು ಕೈಗೆ ತೆಗೆದುಕೊಂಡ. ಹೆಬ್ಬೆರಳು ಬೆನ್ನಿನ ಮೇಲೆ ಆ ತುದಿಯಿಂದ ಈ ತುದಿಗೆ ಹೋಯಿತು, ನಿಂತಿತು.

"ಹೊಳೀತಾ ಇದೆ ಕಣೇ," ಎಂದ.

"ಮತ್ತೆ? ಅಷ್ಟು ಗಲೀಜು ಇಟ್ಕೊಂಡು ಮುಖಕ್ಕೆ ಹಾಕ್ಕೋತಿದ್ರಲ್ಲ."

"ಚೆನ್ನಾಗಿ ಮಾಡಿದೀಯ." ಅವನು ಕತ್ತಿಯನ್ನು ಮಡಚಿ ವಾಪಸು ಕೊಟ್ಟ. "ಇಲ್ಲಿ ಬೇಡ. ಮನೆಗೆ ಹೋದ್ಮೇಲೆ, ನನ್ನ ಕತ್ತೀಲೇ."

*

ಹೊರಗೆ ವರ್ಕ್‌ಶಾಪಿನವರ ಚಪ್ಪಲಿಗಳ ಸದ್ದಾಯಿತು. ಮೊದಲು ಒಳಬಂದ ಮುದುಕ, ಅಪ್ಪನ ಜೊತೆಗೇ ಕೆಲಸಕ್ಕೆ ಸೇರಿದ್ದ ಮೇಸ್ತ್ರಿ. ಮಂಚದ ಪಕ್ಕ ನಿಂತ. "ಏನೋ ಕೂದಲೆಳೆ, ಇಷ್ಟು ಗಡ್ಡ ಬಿಟ್ಟಿದೀಯ," ಎಂದು ಹೊದಿಕೆಯ ಅಂಚು ಸರಿಮಾಡಿದ.

ಮಗಳು ಅಷ್ಟರಲ್ಲಿ ತನ್ನ ಕೈಚೀಲದಿಂದ ನೀಲಿ ಕಾಗದದ ಒಂದು ಪಟ್ಟಿ ತೆಗೆದಿದ್ದಳು. ಅದನ್ನು ಅಲಗಿನ ಅಂಚಿಗೆ ಒತ್ತಿ ಉಜ್ಜಿದಳು. ಅಂಚಿನ ಕಿರು ಓರೆ, ಬಾಯಿಗೆ ಇಳಿಯುವ ಆ ಇಳಿಜಾರು, ಪೂರ್ತಿ ನೀಲಿಯಾಯಿತು.

"ಇದೇನಮ್ಮ?" ಎಂದ ಸಲೂನಿನವನು.

"ಹಲ್ಲು ಎಲ್ಲಿ ತಾಗ್ತಿದೆ, ಎಲ್ಲಿ ತಾಗ್ತಿಲ್ಲ ಅಂತ ನಾವು ಹಿಂಗೇ ನೋಡೋದು. ಒಂದೇ ಒಂದು ಸಲ ಕಲ್ಲಿನ ಮೇಲೆ ಎಳೀರಿ. ಮೆತ್ತಗೆ."

ಅವನು ಎಳೆದ. ಮೇಸ್ತ್ರಿ ಕನ್ನಡಕ ಹಾಕಿಕೊಂಡು ಬಗ್ಗಿದ. ಓರೆಯ ಹಿಂಭಾಗದಲ್ಲಿ ನೀಲಿ ಅಳಿಸಿ ಉಕ್ಕು ಮಿನುಗುತ್ತಿತ್ತು. ತುಟ್ಟತುದಿಯಲ್ಲಿ ಮಾತ್ರ ನೀಲಿ ಗೆರೆಯೊಂದು ಹಾಗೇ ಉಳಿದಿತ್ತು.

"ಬೇರಿಂಗಿಗೆ ನಾವೂ ನೀಲಿ ಹಚ್ಚಿ ನೋಡ್ತಿದ್ವಿ," ಎಂದ ಮೇಸ್ತ್ರಿ. "ನೋಡಯ್ಯ, ನೀನು ಮಸೀತಿರೋದು ಬಾಯನ್ನಲ್ಲ, ಅದರ ಹಿಂದಿನ ಜಾಗಾನ. ಅಂಗಡಿ ಕತ್ತಿಗೆ ಬೆನ್ನು ದಪ್ಪ ಇರತ್ತೆ, ಮಲಗಿಸಿದ್ರೆ ಓರೆ ತಾನಾಗೇ ಸರಿಯಾಗತ್ತೆ. ಇದು ಅರ. ಇದಕ್ಕೆ ಅಷ್ಟು ದಪ್ಪ ಎಲ್ಲಿಂದ ಬರ್ಬೇಕು? ಬೆನ್ನನ್ನ ಚೂರು ಎತ್ತರಿಸ್ಬೇಕು."

"ಎತ್ತರಿಸೋದಂದ್ರೆ? ಕೈಯಲ್ಲೇ ಅಂದಾಜಿಗೆ ಹಿಡಿಯೋಕಾಗಲ್ಲ ಸ್ವಾಮಿ, ಅಲುಗಾಡತ್ತೆ."

"ಏನಾದ್ರೂ ಸುತ್ತಿದ್ನೇನೋ ಪುಣ್ಯಾತ್ಮ."

ಮಗಳು ಬೋಗುಣಿಯನ್ನು ನೆಲಕ್ಕಿಟ್ಟಳು. "ಟೇಪು," ಎಂದಳು. "ಕಪ್ಪು ಟೇಪಿತ್ತು. ನಾನು ಕೊಳೆ ಅಂದ್ಕೊಂಡು ಕೆರೆದು ತೆಗೆದೆ."

ಆಸ್ಪತ್ರೆಯಲ್ಲಿ ಕತ್ತಿಯ ಬೆನ್ನಿನ ಮೇಲೆ ನಿಂತಿದ್ದ ಅಪ್ಪನ ಹೆಬ್ಬೆರಳು ಅವಳ ಕಣ್ಣಿಗೆ ಕಟ್ಟಿತು. ಮುಟ್ಟಿದ ಕೂಡಲೇ ಅವನಿಗೆ ಗೊತ್ತಾಗಿತ್ತು. ಮೂವತ್ತೊಂದು ವರ್ಷ ಯಾರ ಕೆಲಸವನ್ನೂ ಒಪ್ಪದ ಮನುಷ್ಯ, ಚೆನ್ನಾಗಿ ಮಾಡಿದೀಯ ಎಂದಿದ್ದ.

"ಎಷ್ಟು ಸುತ್ತಿತ್ತಮ್ಮ?" ಮೇಸ್ತ್ರಿ ಕೇಳಿದ.

"ನೋಡ್ಲಿಲ್ಲ."

"ಅಳೋದು ಆಮೇಲೆ. ಟೇಪು ತಾ, ಕತ್ತೀನೇ ಹೇಳತ್ತೆ."

ಅಪ್ಪನ ಡಬ್ಬಿಯಲ್ಲಿ ವಯರಿಗೆ ಸುತ್ತುವ ಟೇಪು ಸಿಕ್ಕಿತು. ಬೆನ್ನಿಗೆ ಒಂದು ಪದರ ಹಚ್ಚಿ, ಅಂಚಿಗೆ ನೀಲಿ ಬಳಿದು, ಎಳೆದರು. ತುದಿಯ ಗೆರೆ ಸಣ್ಣಗಾಯಿತು, ಹೋಗಲಿಲ್ಲ. ಎರಡನೆಯ ಪದರಕ್ಕೆ ಅದು ಅಲ್ಲಲ್ಲಿ ತುಂಡಾಯಿತು. ಹೊರಗೆ ಗಾಡಿಯ ಹಾರ್ನ್ ಕೇಳಿಸಿತು. ಎಲ್ಲರಿಗಿಂತ ಅವಸರದಲ್ಲಿದ್ದ ಚಿಕ್ಕಪ್ಪ, "ಕಾಯಯ್ಯ, ಇಲ್ಲಿ ಕೆಲಸ ನಡೀತಿದೆ!" ಎಂದು ಕಿಟಕಿಯಿಂದ ಗದರಿಸಿ ಮತ್ತೆ ಕಲ್ಲಿನ ಮೇಲೆ ಬಗ್ಗಿದ.

ಮೂರನೆಯ ಪದರ. ಸಲೂನಿನವನು ಉಸಿರು ಬಿಗಿಹಿಡಿದು ಎಳೆದ. ಕತ್ತಿಯನ್ನು ಎತ್ತಿದ. ಬುಡದಿಂದ ತುದಿಯವರೆಗೆ ಎಲ್ಲಿಯೂ ನೀಲಿ ಇರಲಿಲ್ಲ. ಓರೆ ಎಲ್ಲ ಕಡೆ ಒಂದೇ ಅಗಲಕ್ಕೆ, ಯಾರೋ ಸ್ಕೇಲು ಇಟ್ಟು ಎಳೆದಂತೆ ಬೆಳಗಿತು.

"ಮೆಟ್ಟಿಲ ಮೇಲೆ ಕೂತು," ಎಂದ ಮೇಸ್ತ್ರಿ ಮೆಲ್ಲಗೆ. "ಬರೀ ಕೈಯಲ್ಲಿ."

ಸಲೂನಿನವನು ಮತ್ತೆ ಮಸೆದ. ಹಿಂದೆ ಮುಂದೆ, ಹಿಂದೆ ಮುಂದೆ. ಕಲ್ಲಿನ ಸದ್ದು ತಾನಾಗಿ ಸಣ್ಣಗಾಗುತ್ತ ಬಂದು, ಕೊನೆಗೆ ಕೇಳಿಸದಂತಾಯಿತು. ಚರ್ಮದ ಪಟ್ಟಿಗೆ ಸವರಿ, ಹೊಸ ನೊರೆ ಹಚ್ಚಿ, ಕೆನ್ನೆಗೆ ಇಟ್ಟ. ಕತ್ತಿ ಜಾರಿತು. ಅದರ ಹಿಂದೆ ಅಪ್ಪನ ಕೆನ್ನೆ ಬಂತು, ಆಮೇಲೆ ಅಪ್ಪನ ತುಟಿ, ಆಮೇಲೆ ಎಲ್ಲವನ್ನೂ ಬೇಡವೆನ್ನುವ ಆ ಗದ್ದ.

"ಅಪ್ಪಾ," ಎಂದಳು ಅವಳು, ಈಗಷ್ಟೇ ಯಾರೋ ಮನೆಯೊಳಗೆ ಬಂದಂತೆ.

"ತಲೆ ಸ್ವಲ್ಪ ಹಿಂದಕ್ಕೆ ಹಿಡೀರಮ್ಮ. ಗದ್ದದ ಅಡಿ ಇದೆ."

ಅವಳು ಎರಡೂ ಅಂಗೈಗಳಲ್ಲಿ ಅಪ್ಪನ ತಲೆಯನ್ನು ಹಿಡಿದು ಹಿಂದಕ್ಕೆ ಬಾಗಿಸಿದಳು. ಎದುರು ನಿಂತು ಮಾತಾಡುವ ಯಾರಿಗೂ ಕಾಣದ ಜಾಗ. ಯಾವ ಸಲೂನಿನವನ ಮುಂದೆಯೂ ಅವನು ಒಡ್ಡದ ಕುತ್ತಿಗೆ. ಬಲಗಿವಿಯ ಕೆಳಗೆ ನೊರೆ ಸರಿದಾಗ ಒಂದು ಹಳೆಯ ಗಾಯದ ಗೆರೆ ಕಂಡಿತು, ದಾರದಷ್ಟು ದಪ್ಪ, ಬೆಳ್ಳಗೆ. ಅಕ್ಕಿಕಾಳಿನಷ್ಟು ಆಚೆಗೆ ಇನ್ನೊಂದು, ಅದಕ್ಕಿಂತ ಚೂರು ಸಣ್ಣದು. ಅದರಾಚೆ ಮತ್ತೊಂದು. ಸಲೂನಿನವನ ಕೈ ನಿಧಾನವಾಯಿತು. ಕೋಣೆಯಲ್ಲಿದ್ದವರು ಒಬ್ಬೊಬ್ಬರಾಗಿ ಹತ್ತಿರ ಬಂದರು. ಚಿಕ್ಕಪ್ಪ ಕಿಟಕಿಯ ಪರದೆ ಸರಿಸಿದ. ಮೇಸ್ತ್ರಿ ತುಟಿಯಲ್ಲೇ ಎಣಿಸುತ್ತಿದ್ದ, ಹದಿನಾಲ್ಕು, ಹದಿನೈದು, ಅಲಗು ಮಾಡುವಾಗ ಅಪ್ಪ ಇಲ್ಲೇ ಪರೀಕ್ಷಿಸಿ ನೋಡಿದ ಒಂದೊಂದು ಸಲಕ್ಕೂ ಒಂದು ಗೆರೆ. ಕತ್ತಿ ಗಂಟಲನ್ನು ದಾಟಿ ಎಡಕ್ಕೆ ಸಾಗಿದಂತೆ ಗೆರೆಗಳು ಒಂದಕ್ಕಿಂತ ಒಂದು ತೆಳ್ಳಗಾಗುತ್ತ, ಕೂದಲಿನಷ್ಟಾಗಿ, ಆಮೇಲೆ ಬೆಳಕನ್ನು ಓರೆಯಾಗಿ ಬಿಟ್ಟರಷ್ಟೇ ಕಾಣುವಷ್ಟಾದವು. ಎಡಗಿವಿಯ ಕೆಳಗಿನ ಕೊನೆಯ ನೊರೆ ಸರಿದಾಗ ಅಲ್ಲಿ ಬರೀ ಒದ್ದೆ ಚರ್ಮವಿತ್ತು, ಅದರಲ್ಲಿ ಕಿಟಕಿ ಚಿಕ್ಕದಾಗಿ ಮೂಡಿತ್ತು.